ಕೈಬಿಟ್ಟ ಯೋಜನೆಗಳು ತುಂಬಿದ ಕೋಣೆ

ಐವತ್ತು ದಾಟಿದ ಮಹಿಳೆ, ಸಲಹೆಗೆಂದು ನನ್ನ ಬಳಿ ಕರೆತಂದವಳು ಮಗಳು. ಗುರುತು ಸಿಗದಂತೆ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಕುಳಿತ ಕೂಡಲೇ ಮಗಳು ಮಾತು ಆರಂಭಿಸಿದಳು: “ಅಮ್ಮನಿಗೆ ಸಾಮಾನು ಗುಡ್ಡೆ ಹಾಕುವ ಕಾಯಿಲೆ ಇದೆ. ಒಂದನ್ನೂ ಹೊರಗೆ ಹಾಕಲು ಬಿಡುವುದಿಲ್ಲ.” ತಾಯಿ ಎದುರು ಆಡಲಿಲ್ಲ. ಮಗಳು ಹೊರಗೆ ಹೋದ ಮೇಲೆ ತಮ್ಮ ಕಷ್ಟ ಹೇಳಿಕೊಂಡರು. ಮಲಗಿದೊಡನೆ ಮಾಡದೆ ಉಳಿದ ಕೆಲಸಗಳೆಲ್ಲ ಒಂದರ ಹಿಂದೆ ಒಂದು ನೆನಪಾಗುತ್ತವೆ, ನಿದ್ದೆ ಹತ್ತುವುದಿಲ್ಲ. ಮನೆಗೆ ಯಾರನ್ನಾದರೂ ಕರೆಯಲು ಸಂಕೋಚ. ಇಟ್ಟ ಕಾಗದ ಬೇಕಾದಾಗ ಸಿಗುವುದಿಲ್ಲ.

ಮಗಳ ಮಾತನ್ನು ಹಾಗೆಯೇ ಒಪ್ಪುವಂತಿರಲಿಲ್ಲ, ತಳ್ಳಿಹಾಕುವಂತೆಯೂ ಇರಲಿಲ್ಲ. ಅತಿಸಂಗ್ರಹ ಎಂಬ ಕಾಯಿಲೆ ಇರುವುದು ನಿಜ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಮಾನಸಿಕ ಕಾಯಿಲೆಗಳನ್ನು ವರ್ಗೀಕರಿಸುವ ಡಿಎಸ್‌ಎಂ-5 ಕೈಪಿಡಿ ಅದನ್ನು ಗೀಳು ಮನೋರೋಗದಿಂದ ಬೇರ್ಪಡಿಸಿ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದೆ. ಅದರಲ್ಲಿ ವಸ್ತುವಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ಯಾವುದನ್ನೇ ಆಗಲಿ ಬಿಟ್ಟುಕೊಡುವುದು ಸಂಕಟವಾಗುತ್ತದೆ. ಕ್ರಮೇಣ ಅಡುಗೆಮನೆ ಅಡುಗೆಗೆ, ಹಾಸಿಗೆ ಮಲಗಲು ಬಾರದ ಸ್ಥಿತಿಗೆ ಮನೆ ಬರುತ್ತದೆ. ಈ ಮಹಿಳೆಯಾದರೋ ಹಳೆಯ ಚಪ್ಪಲಿ, ಪತ್ರಿಕೆ, ಒಡಕು ಬಕೆಟ್‌ಗಳನ್ನು ಬೇಸರವಿಲ್ಲದೆ ಹೊರಹಾಕುತ್ತಿದ್ದರು. ಅಡುಗೆಮನೆಯೂ ಮಲಗುವ ಕೋಣೆಯೂ ಚೊಕ್ಕವಾಗಿದ್ದವು. ತೊಡಕಿದ್ದದ್ದು ಒಂದೇ ಕೋಣೆಯಲ್ಲಿ.

ಆ ಕೋಣೆಯಲ್ಲಿ ಏನೇನಿದೆ ಎಂದು ಬರೆದು ತರಲು ಹೇಳಿದೆ. ಅವರು ತಂದ ಪಟ್ಟಿ ನನಗೆ ಬಹಳಷ್ಟನ್ನು ತಿಳಿಸಿತು. ಹೊಲಿಗೆ ಯಂತ್ರ, ಕತ್ತರಿಸದ ಬಟ್ಟೆಯ ಗಂಟುಗಳು, ಅರ್ಧಕ್ಕೆ ನಿಲ್ಲಿಸಿದ ಪದವಿಯ ಪುಸ್ತಕಗಳು, ಬಣ್ಣದ ಡಬ್ಬಿಗಳು, ಒಡೆಯದ ಲಕೋಟೆಗಳು. ಅತ್ತೆಯ ದೀರ್ಘ ಕಾಯಿಲೆ, ಆಮೇಲೆ ಮಕ್ಕಳ ಓದು ಎಂದು ಒಂದೊಂದನ್ನೇ ಬದಿಗಿಟ್ಟಿದ್ದರು. ಪುಸ್ತಕಗಳ ವಿಷಯಕ್ಕೆ ಬಂದಾಗ ಗಂಟಲು ಕಟ್ಟಿತು. “ಇವನ್ನು ಕೊಟ್ಟುಬಿಟ್ಟರೆ ನಾನು ಇನ್ನು ಓದುವುದಿಲ್ಲ ಎಂದು ನಾನೇ ಬರೆದುಕೊಟ್ಟ ಹಾಗಲ್ಲವೇ?” ಎಂದರು.

ಈ ಪ್ರಕರಣದ ಗಂಟು ಇದೇ ಎಂದು ನನಗೆ ಅನ್ನಿಸಿತು. ಕಸ ತುಂಬಿದ ಮನೆಯೆಂದು ಹೊರಗಿನವರು ನೋಡುವ ಕಡೆ ಒಳಗಿರುವವರಿಗೆ ಕಾಣುವುದು ತೀರ್ಮಾನವಾಗದೆ ಉಳಿದ ಬದುಕು. ಇಂಥವರಿಗೆ ‘ಒಂದು ವರ್ಷ ಬಳಸದಿದ್ದರೆ ಎಸೆದುಬಿಡಿ’ ಎಂಬ ಸೂತ್ರ ಹೇಳುವುದು ಕ್ರೌರ್ಯ. ಇನ್ನೊಂದು ಸಂಗತಿಯೂ ಹೊರಬಂತು. ತಾಯಿ ಊರಿನಲ್ಲಿಲ್ಲದಾಗ ಮಗಳು ಎರಡು ಚೀಲ ಸಾಮಾನು ಸಾಗಿಸಿಬಿಟ್ಟಿದ್ದಳು. ಒಳ್ಳೆಯ ಉದ್ದೇಶವೇ. ಆದರೆ ಅಂದಿನಿಂದ ತಾಯಿ ಕೋಣೆಗೆ ಬೀಗ ಹಾಕತೊಡಗಿದ್ದರು.

ಆದ್ದರಿಂದ ನನ್ನ ಮೊದಲ ಸಲಹೆ ಮಗಳಿಗೇ: ಅಮ್ಮ ಹೇಳದೆ ಒಂದು ದಾರದ ಉಂಡೆಯನ್ನೂ ಮುಟ್ಟಬಾರದು. ಅವಳು ಒಪ್ಪಿದಳು, ಸ್ವಲ್ಪ ಅತ್ತಳು ಕೂಡ. ಅಮ್ಮನ ಓದು ತನ್ನ ಓದಿಗಾಗಿ ನಿಂತದ್ದು ಅವಳಿಗೆ ಗೊತ್ತಿರಲಿಲ್ಲ.

ತಾಯಿಗೆ ಹೇಳಿದ್ದು ಪುಸ್ತಕಗಳಿಂದ ಆರಂಭಿಸಬೇಡಿ ಎಂದು. ಮನಸ್ಸಿಗೆ ಹತ್ತಿರವಿಲ್ಲದ ವಸ್ತುಗಳಿಂದ ತೀರ್ಮಾನದ ಅಭ್ಯಾಸ ಬೆಳೆಯಬೇಕು. ಇಲ್ಲಿ ಅವು ಲಕೋಟೆಗಳು. ದಿನಕ್ಕೆ ಇಪ್ಪತ್ತು ನಿಮಿಷ, ಗಡಿಯಾರ ಇಟ್ಟುಕೊಂಡು; ಉತ್ಸಾಹವಿದ್ದರೂ ಅಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಒಂದೇ ದಿನ ಮುಗಿಸಲು ಹೋದವರು ಸುಸ್ತಾಗಿ ತಿಂಗಳುಗಟ್ಟಲೆ ಆ ಕಡೆ ತಿರುಗಿ ನೋಡುವುದಿಲ್ಲ. ಒಡೆದ ಪ್ರತಿ ಕಾಗದಕ್ಕೂ ಮುಂದಿನ ಹೆಜ್ಜೆ ಏನು, ಯಾವ ದಿನ ಎಂದು ಅದರ ಮೇಲೆಯೇ ಬರೆಯಬೇಕು.

ರಾತ್ರಿಯ ಯೋಚನೆಗಳಿಗೂ ಇದೇ ಉಪಾಯ. ಮುಗಿಯದ ಗುರಿಗಳು ಮನಸ್ಸಿಗೆ ನುಗ್ಗುತ್ತಲೇ ಇರುತ್ತವೆ, ಆದರೆ ಯಾವಾಗ ಹೇಗೆ ಮಾಡುವುದೆಂದು ನಿಶ್ಚಯಿಸಿದರೆ ಕೆಲಸ ಮುಗಿಯದಿದ್ದರೂ ಕಾಟ ಇಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಮಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ತೋರಿಸಿದರು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಯುವಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆಹೋದರು. ಮುಂದಿನ ಕೆಲಸಗಳ ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ ಬಂತು. ಅದು ಚಿಕ್ಕ ಅಧ್ಯಯನ, ಭಾಗವಹಿಸಿದವರೆಲ್ಲ ಎಳೆಯರು. ಆದರೂ ಖರ್ಚಿಲ್ಲದ, ಅಪಾಯವಿಲ್ಲದ ಉಪಾಯವಾದ್ದರಿಂದ ಧೈರ್ಯವಾಗಿ ಸೂಚಿಸಿದೆ. ಬರೆಯುವುದು ಕಾಗದದ ಮೇಲೆ. ಮೊಬೈಲ್ ಕೈಗೆ ಬಂದರೆ ನಿದ್ದೆ ಇನ್ನಷ್ಟು ದೂರ.

ಬಟ್ಟೆ, ಬಣ್ಣ, ಪುಸ್ತಕಗಳ ಸರದಿ ಬಂದಾಗ ಕೇಳಿಕೊಳ್ಳಲು ಒಂದೇ ಪ್ರಶ್ನೆ ಕೊಟ್ಟೆ: ಇದನ್ನು ನಾನು ಈಗ, ಈ ವಯಸ್ಸಿನಲ್ಲಿ, ಮಾಡಲು ಬಯಸುತ್ತೇನೆಯೇ? ಹೌದಾದರೆ ಆ ವಸ್ತು ಕೋಣೆಯಿಂದ ಹೊರಬಂದು ಕೈಗೆಟಕುವ ಕಡೆ ಕೂರಬೇಕು. ಅಲ್ಲವಾದರೆ ಉಪಯೋಗಿಸುವವರಿಗೆ ಸ್ವತಃ ಕೊಡಬೇಕು. ದುಃಖವಾದರೆ ಆಗಲಿ, ಬಿಟ್ಟದ್ದಕ್ಕೆ ಒಮ್ಮೆ ಅಳುವುದು ವರ್ಷಾನುಗಟ್ಟಲೆ ನೋಡುತ್ತಾ ತಪ್ಪಿತಸ್ಥರಂತೆ ಬದುಕುವುದಕ್ಕಿಂತ ಹಗುರ.

ಲಕೋಟೆಗಳು ಮೊದಲ ವಾರಗಳಲ್ಲೇ ಮುಗಿದವು, ನಿದ್ದೆಯೂ ನಿಧಾನವಾಗಿ ಸುಧಾರಿಸಿತು. ಬಣ್ಣಗಳನ್ನು ನೆರೆಮನೆಯ ಹುಡುಗನಿಗೆ ಕೊಟ್ಟರು. ಹೊಲಿಗೆ ಯಂತ್ರ ಕಿಟಕಿಯ ಬಳಿ ಬಂತು. ಪುಸ್ತಕಗಳ ಬಗ್ಗೆ ಇನ್ನೂ ತೀರ್ಮಾನಿಸಿಲ್ಲ, ನಾನು ಒತ್ತಾಯಿಸಿಲ್ಲ.

ಇದೇ ಸಲಹೆ ಎಲ್ಲರಿಗೂ ಸಾಲದು. ವಾಸದ ಕೋಣೆಗಳು ಬಳಕೆಗೆ ಬಾರದಂತಾಗಿದ್ದರೆ, ನಿರುಪಯುಕ್ತ ವಸ್ತು ಬಿಡುವುದೂ ತಡೆಯಲಾರದ ಸಂಕಟ ತಂದರೆ, ಅಥವಾ ಚೊಕ್ಕವಾಗಿದ್ದವರು ಇದ್ದಕ್ಕಿದ್ದಂತೆ ಮನೆಯನ್ನೂ ಮೈಯನ್ನೂ ಅಲಕ್ಷಿಸತೊಡಗಿದರೆ ಖಿನ್ನತೆ, ಮರೆವಿನ ಕಾಯಿಲೆ, ಅತಿಸಂಗ್ರಹ ಇವುಗಳಲ್ಲಿ ಯಾವುದೆಂದು ಮನೋವೈದ್ಯರೇ ನೋಡಬೇಕು. ಅಲ್ಲಿಯವರೆಗೆ ಮನೆಯವರು ಬಾಗಿಲಿನ ದಾರಿ, ಒಲೆಯ ಸುತ್ತಲ ಜಾಗ ಇವೆರಡನ್ನು ಮಾತ್ರ, ಅವರಿಗೆ ಹೇಳಿಯೇ, ತೆರವು ಮಾಡಿಕೊಳ್ಳಲಿ.