ಸತ್ತ ಮೇಲೆ ರಕ್ತದಲ್ಲಿನ ಇನ್ಸುಲಿನ್ ಅಳೆದು, ಅದನ್ನೇ ಚುಚ್ಚಿ ಮಾಡಿದ ಕೊಲೆಯನ್ನು ಪತ್ತೆಹಚ್ಚಬಹುದೇ?

ಹಚ್ಚಬಹುದು, ಆದರೆ ಬರೀ ಇನ್ಸುಲಿನ್ ಪ್ರಮಾಣವನ್ನು ನಂಬಿ ಅಲ್ಲ. ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸುವಾಗ ಅಷ್ಟೇ ಸಂಖ್ಯೆಯ ಸಿ-ಪೆಪ್ಟೈಡ್ ಅಣುಗಳನ್ನೂ ಬಿಡುತ್ತದೆ. ಚುಚ್ಚುಮದ್ದಿನ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲವಾದ್ದರಿಂದ, ಇನ್ಸುಲಿನ್ ವಿಪರೀತ ಹೆಚ್ಚಿದ್ದು ಸಿ-ಪೆಪ್ಟೈಡ್ ತೀರಾ ಕಡಿಮೆಯಿದ್ದರೆ ಅದು ಹೊರಗಿನಿಂದ ಬಂದದ್ದೆಂಬ ಶಂಕೆ ಬಲವಾಗುತ್ತದೆ (ಮೃತರಿಗೆ ಮಧುಮೇಹವಿತ್ತೇ ಎಂದು ಮೊದಲೇ ವಿಚಾರಿಸಿರಬೇಕು ಎನ್ನಿ). ತೊಡಕಿರುವುದು ರಕ್ತದಲ್ಲೇ: ಸಾವಿನ ನಂತರ ಕೆಂಪು ರಕ್ತಕಣಗಳು ಒಡೆದಾಗ ಹೊರಬರುವ ಕಿಣ್ವ ಇನ್ಸುಲಿನ್ನನ್ನು ನಾಶಮಾಡುತ್ತದೆ. ಹಾಗಾಗಿ ತೊಡೆಯ ರಕ್ತನಾಳದಿಂದ ಬೇಗನೆ ಮಾದರಿ ತೆಗೆದು, ಸೀರಮ್ (ರಕ್ತಕಣಗಳಿಲ್ಲದ ದ್ರವಭಾಗ) ಬೇರ್ಪಡಿಸಿ, ಘನೀಕರಿಸಿಡಬೇಕು. 1957ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಸ್ನಾನದ ತೊಟ್ಟಿಯಲ್ಲಿ ಸತ್ತಿದ್ದ ಮಹಿಳೆಯ ಪ್ರಕರಣದಲ್ಲಂತೂ ನಿರ್ಣಾಯಕ ಸಾಕ್ಷ್ಯ ಸಿಕ್ಕಿದ್ದು ಪೃಷ್ಠದ ಮೇಲಿನ ಸೂಜಿ ಗುರುತುಗಳ ಸುತ್ತ ಕತ್ತರಿಸಿ ತೆಗೆದ ಅಂಗಾಂಶದಲ್ಲಿ. ನರ್ಸ್ ಆಗಿದ್ದ ಗಂಡನಿಗೆ ಜೀವಾವಧಿ ಶಿಕ್ಷೆಯಾಯಿತು.