ಫಿಜಾಕ್‌ಗೆ ಬರುವ ಮುಂಚೆ ಮನೆಯವರನ್ನು ಕೇಳಿ

ನಮಸ್ಕಾರ. ಬೆಂಗಳೂರಲ್ಲಿ ವಿಮಾನದ ಬಿಡಿಭಾಗಗಳ ಕಂಪನಿಯಲ್ಲಿದ್ದೀರಿ, ಫ್ರಾನ್ಸ್‌ನ ಫಿಜಾಕ್‌ನಲ್ಲಿ ಕೆಲಸ ಸಿಕ್ಕಿದೆ, ಹೆಂಡತಿ ಮತ್ತು ನಾಲ್ಕು ವರ್ಷದ ಮಗಳನ್ನು ಕರ್ಕೊಂಡು ಬರಬಹುದಾ, ಅಷ್ಟು ಸಣ್ಣ ಊರಲ್ಲಿ ಬೇಜಾರಾಗಲ್ವಾ, ಸಸ್ಯಾಹಾರಿಗಳಿಗೆ ಊಟದ ಗತಿ ಏನು ಅಂತ ಕೇಳಿದ್ದೀರಿ. ನಾನು ಇಲ್ಲಿಗೆ ಬಂದದ್ದು ಮದುವೆಯಾಗಿ, ನಮ್ಮ ಯಜಮಾನರ ಕೆಲಸದ ಹಿಂದೆ. ಹಾಗಾಗಿ ನಿಮ್ಮ ಮನೆಯವರ ಕಡೆ ಕೂತು ಉತ್ತರ ಹೇಳುತ್ತೇನೆ, ತಪ್ಪು ತಿಳ್ಕೋಬೇಡಿ.

ನಿಮ್ಮ ಬಗ್ಗೆ ಚಿಂತೆ ಇಲ್ಲ. ಊರಿನ ಜನಸಂಖ್ಯೆ ಹತ್ತಿರ ಹತ್ತಿರ 10,000, ಅಂದರೆ ನಮ್ಮ ಕಡೆಯ ಒಂದು ಹೋಬಳಿ ಊರು. ಆದರೆ ಎ400ಎಂ ಮಿಲಿಟರಿ ವಿಮಾನದ ಎಂಟು ಬ್ಲೇಡಿನ ಪ್ರೊಪೆಲ್ಲರ್ ತಯಾರಾಗುವುದು ಇಲ್ಲೇ, ರಾಟಿಯೆ-ಫಿಜಾಕ್ ಅನ್ನುವ ಕಂಪನಿಯಲ್ಲಿ. ವಿಮಾನದ ಬಿಡಿಭಾಗ ಮಾಡುವ ಫಿಜಾಕ್ ಏರೋ ಕೂಡ ಇಲ್ಲಿಯದೇ. ಸುತ್ತಲಿನ ಬ್ರೀವ್, ರೊಡೆಜ್ ಊರುಗಳ ತನಕ ಇಂಥ ಕಾರ್ಖಾನೆಗಳು ಹರಡಿಕೊಂಡಿವೆ, ಈ ಭಾಗಕ್ಕೆ ಮೆಕಾನಿಕ್ ವ್ಯಾಲಿ ಅಂತಲೇ ಹೆಸರು. ನಿಮಗೆ ಬೆಳಿಗ್ಗೆಯಿಂದ ಸಂಜೆವರೆಗೆ ಮಾತಾಡಲು ಜನ, ಮಾಡಲು ಕೆಲಸ ಇರುತ್ತದೆ. ಪ್ರಶ್ನೆ ಇರುವುದು ಮನೆಯಲ್ಲಿ ಉಳಿಯುವವರದ್ದು.

ಊರು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಸೆಲೆ ನದಿಯ ಪಕ್ಕದ ಹಳೇ ಕಲ್ಲಿನ ಮನೆಗಳು, ಮೇಲ್ಗಡೆ ಗೋಡೆಯೇ ಇಲ್ಲದ ಗಾಳಿಯಾಡುವ ಅಟ್ಟ. ಹಿಂದೆ ಅಲ್ಲಿ ಬಟ್ಟೆ, ತೊಗಲು, ಹಣ್ಣು ಒಣಗಿಸುತ್ತಿದ್ದರಂತೆ. ಈಜಿಪ್ಟಿನ ಚಿತ್ರಲಿಪಿಯನ್ನು 1822ರಲ್ಲಿ ಬಿಡಿಸಿದ ಶಾಂಪೊಲ್ಲಿಯಾನ್ ಹುಟ್ಟಿದ್ದು ಇದೇ ಊರಲ್ಲಿ, 1790ರಲ್ಲಿ. ಅವನು ಹುಟ್ಟಿದ ಮನೆ ಈಗ ಜಗತ್ತಿನ ಲಿಪಿಗಳ ಮ್ಯೂಸಿಯಂ. ಅದರ ಹಿಂದಿನ ಅಂಗಳದಲ್ಲಿ ಆ ಲಿಪಿ ಬಿಡಿಸಲು ನೆರವಾದ ರೊಸೆಟ್ಟಾ ಶಿಲೆಯನ್ನು ದೊಡ್ಡದಾಗಿ ಕೆತ್ತಿದ ಕಪ್ಪು ಗ್ರಾನೈಟ್ ನೆಲವಿದೆ, 1991ರಲ್ಲಿ ಅಮೆರಿಕದ ಕಲಾವಿದ ಜೋಸೆಫ್ ಕೊಸುತ್ ಮಾಡಿದ್ದು. ಮಕ್ಕಳು ಅದರ ಮೇಲೆಯೇ ಓಡಾಡುತ್ತವೆ, ಯಾರೂ ಗದರಿಸುವುದಿಲ್ಲ. ಇಷ್ಟನ್ನು ನೋಡಲು ಎರಡು ಭಾನುವಾರ ಸಾಕು. ಮೂರನೆಯ ಭಾನುವಾರದ ಮಾತು ಹೇಳುತ್ತೇನೆ.

ಭಾನುವಾರ ಮಧ್ಯಾಹ್ನದ ಮೇಲೆ ಊರು ಬಾಗಿಲು ಹಾಕುತ್ತದೆ. ಸೋಮವಾರವೂ ಎಷ್ಟೋ ಅಂಗಡಿಗಳು ಬಂದ್. ಉಳಿದ ದಿನ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಊಟದ ಹೊತ್ತು, ಆಗ ಬ್ಯಾಂಕೂ ಇಲ್ಲ, ಅಂಗಡಿಯೂ ಇಲ್ಲ. ಈ ಕಡೆಯ ದೊಡ್ಡ ನಗರ ತುಲೂಸ್‌ಗೆ ರೈಲಿನಲ್ಲಿ ಎರಡು ಗಂಟೆಗೂ ಜಾಸ್ತಿ. ಪ್ಯಾರಿಸ್‌ಗೆ ರಾತ್ರಿ ರೈಲಿದೆ, ಮಲಗಿ ಎದ್ದರೆ ಊರು ಬಂದಿರುತ್ತದೆ, ಅದೊಂದು ಪುಣ್ಯ. ಉಳಿದಂತೆ ಕಾರಿಲ್ಲದೆ ಆಗುವುದಿಲ್ಲ. ಮೊದಲ ವರ್ಷ ನಮ್ಮ ಲೈಸೆನ್ಸ್ ನಡೆಯುತ್ತದೆ, ಆಮೇಲೆ ಇಲ್ಲಿಯದನ್ನೇ ಪಾಸು ಮಾಡಬೇಕು: ಮೊದಲು ಕೋಡ್ ಅನ್ನುವ ಪರೀಕ್ಷೆ, 40 ಪ್ರಶ್ನೆಯಲ್ಲಿ 35 ಸರಿ ಇರಬೇಕು, ಎಲ್ಲ ಫ್ರೆಂಚ್‌ನಲ್ಲಿ. ಇಬ್ಬರೂ ಒಟ್ಟಿಗೆ ಶುರು ಮಾಡಿ. ಗಂಡ ಕಾರು ತಗೊಂಡು ಫ್ಯಾಕ್ಟರಿಗೆ ಹೋಗಿ ಹೆಂಡತಿ ಮನೆಯಲ್ಲಿ ಕಿಟಕಿ ನೋಡುತ್ತಾ ಕೂರುವ ಸಂಸಾರ ಇಲ್ಲಿ ಉಳಿಯುವುದಿಲ್ಲ, ವರ್ಷದೊಳಗೆ ತುಲೂಸ್‌ಗೋ ಬೆಂಗಳೂರಿಗೋ ಹೊರಟಿರುತ್ತದೆ.

ಊಟದ ವಿಷಯ. ಇದು ಬಾತುಕೋಳಿಯ ಸೀಮೆ. ಹೋಟೆಲಲ್ಲಿ ಸಲಾಡ್ ಹೇಳಿದರೂ ಮೇಲೆ ಬಾತಿನ ಜಠರದ ತುಂಡೋ ಮಾಂಸವೋ ಬಂದು ಕೂತಿರುತ್ತದೆ, ಮಾಂಸ ತಿನ್ನಲ್ಲ ಅಂದರೆ ಪಾಪ ಪ್ರೀತಿಯಿಂದಲೇ "ಮೀನು ತಿಂತೀರಲ್ವಾ" ಅಂತ ಕೇಳುತ್ತಾರೆ. ಬಿಸಿ ಮೇಕೆ ಚೀಸಿನ ಸಲಾಡ್ ಎಲ್ಲ ಕಡೆ ಸಿಗುತ್ತದೆ, ಹಂದಿಮಾಂಸದ ಚೂರು ಬೇಡ ಅಂತ ಮೊದಲೇ ಹೇಳಿ. ರೊಕಾಮಡೂರ್ ಅನ್ನುವ ಚಿಕ್ಕ ಬಿಲ್ಲೆಯಂಥ ಮೇಕೆ ಚೀಸ್ ಈ ಕಡೆಯ ಹೆಮ್ಮೆ. ಆದರೆ ಹಾಲು ಒಡೆಯಲು ಹಾಕುವುದು ಪ್ರಾಣಿಯ ಹೊಟ್ಟೆಯ ರೆನೆಟ್, ನೀವು ಅಷ್ಟು ಕಟ್ಟುನಿಟ್ಟಾಗಿದ್ದರೆ ತಿಳಿದಿರಲಿ.

ಮನೆಯಲ್ಲಿ ಅಡುಗೆಗೆ ತೊಂದರೆ ಇಲ್ಲ. ಸಣ್ಣ ರವೆ ಇಲ್ಲಿಯದೇ ಚೆನ್ನಾಗಿದೆ, ಉಪ್ಪಿಟ್ಟು ಉದುರುದುರಾಗಿ ಬರುತ್ತದೆ. ಮಸೂರ್ ಬೇಳೆ, ಕಡಲೆ ಸೂಪರ್‌ಮಾರ್ಕೆಟ್‌ನಲ್ಲೇ ಇದೆ. ತೊಗರಿಬೇಳೆ, ಉದ್ದಿನಬೇಳೆ, ಹುಣಸೆಹಣ್ಣಿಗೆ ಮಾತ್ರ ತುಲೂಸ್‌ಗೆ ಹೋದಾಗ ಡಿಕ್ಕಿ ತುಂಬಿಸಿಕೊಂಡು ಬರುತ್ತೇವೆ. ತರಕಾರಿಗೆ ಶನಿವಾರದ ಸಂತೆ. ಬೇಸಿಗೆಯಲ್ಲಿ ಕರ್ಬೂಜ ಕೇಳಿದರೆ ಅಂಗಡಿಯವನು ಸುಮ್ನೆ ಎತ್ತಿಕೊಡುವುದಿಲ್ಲ, ಮಧ್ಯಾಹ್ನಕ್ಕೋ ರಾತ್ರಿಗೋ ಅಂತ ಕೇಳುತ್ತಾನೆ. ನಾಳೆಗೆ ಅಂದರೆ ನಾಲ್ಕು ಹಣ್ಣಿನ ತೊಟ್ಟು ಒತ್ತಿ, ಮೂಸಿ, ಒಂದನ್ನು ಆರಿಸಿ ಕೊಡುತ್ತಾನೆ. ಹಿಂದೆ ಎಂಟು ಜನ ನಿಂತಿರುತ್ತಾರೆ, ಯಾರೂ ಗೊಣಗುವುದಿಲ್ಲ. ಆದರೆ ನೀವು ಬೊಂಜೂರ್, ಅಂದರೆ ನಮಸ್ಕಾರ, ಅನ್ನದೆ ನೇರವಾಗಿ "ಇದೆಷ್ಟು" ಅಂತ ಕೇಳಿ ನೋಡಿ, ಮುಖ ಗಂಟಾಗುತ್ತದೆ. ಇಂಗ್ಲಿಷ್ ಬಂದರೂ ಬಾರದವನ ಹಾಗೆ ಇರುತ್ತಾನೆ.

ಜನ ಕೆಟ್ಟವರಲ್ಲ. ಆದರೆ ತಾವಾಗಿ ಬಂದು ಮಾತಾಡಿಸುವವರೂ ಅಲ್ಲ. ಇಲ್ಲಿ ಸ್ನೇಹ ಸಿಗುವುದು ಸಂಘಗಳಲ್ಲಿ. ಬೇಸಿಗೆ ರಜೆ ಮುಗಿದ ಮೇಲೆ, ಸೆಪ್ಟೆಂಬರ್‌ನಲ್ಲಿ, ಊರಿನ ಸಂಘಗಳೆಲ್ಲ ಒಂದೇ ಕಡೆ ಮೇಜು ಹಾಕಿ ಕೂತಿರುತ್ತವೆ: ನಡಿಗೆ, ಹಾಡು, ಕುಂಬಾರಿಕೆ, ಜೂಡೊ, ಹೊಸಬರಿಗೆ ಫ್ರೆಂಚ್ ಕಲಿಸುವವರೂ ಅಲ್ಲೇ. ನಾನು ನಡಿಗೆಯವರ ಜೊತೆ ಸೇರಿದೆ. ಎರಡು ಗಂಟೆ ಗುಡ್ಡ ಹತ್ತುವಾಗ ಪಕ್ಕದವಳ ಮಾತು ಅರ್ಥವಾಗದಿದ್ದರೂ ಓಡಿಹೋಗುವ ಹಾಗಿಲ್ಲವಲ್ಲ, ನನ್ನ ಫ್ರೆಂಚ್ ಅಲ್ಲೇ ಕುದುರಿದ್ದು. ಈಗ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಅರ್ಧ ದಿನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಆ ಕೆಲಸವನ್ನು ಹೇಳಿದ್ದೂ ಆ ಗುಂಪಿನವರೇ. ನಿಮ್ಮದು ನುರಿತ ಕೆಲಸದವರಿಗೆ ಕೊಡುವ ಟ್ಯಾಲೆಂಟ್ ಅನ್ನುವ ವಾಸದ ಪರವಾನಗಿ (ಮೊದಲು ಟ್ಯಾಲೆಂಟ್ ಪಾಸ್‌ಪೋರ್ಟ್ ಅನ್ನುತ್ತಿದ್ದರು) ಆಗಿದ್ದರೆ ಮನೆಯವರಿಗೂ ಕೆಲಸ ಮಾಡುವ ಹಕ್ಕು ಇರುತ್ತದೆ. ಆದರೆ ಫ್ರೆಂಚ್ ಇಲ್ಲದೆ ಆ ಹಕ್ಕಿಗೆ ಇಲ್ಲಿ ಬೆಲೆ ಇಲ್ಲ. ಅವರು ಐಟಿಯವರಾಗಿದ್ದು, ಇರುವ ಕಂಪನಿ ಇಲ್ಲಿಂದಲೇ ಕೆಲಸ ಮಾಡಲು ಬಿಡಲ್ಲ ಅಂದರೆ, ನೇರವಾಗಿ ಹೇಳುತ್ತೇನೆ, ತುಲೂಸ್‌ನಲ್ಲೇ ಕೆಲಸ ನೋಡಿ.

ಮಗಳ ಚಿಂತೆ ಬಿಡಿ. ಮೂರು ತುಂಬಿದ ಮಕ್ಕಳಿಗೆ ಶಾಲೆ ಕಡ್ಡಾಯ, ಸರ್ಕಾರಿ ಶಾಲೆಗೆ ಫೀಸಿಲ್ಲ. ಸ್ವಲ್ಪ ತಿಂಗಳಲ್ಲಿ ನಿಮ್ಮ ಉಚ್ಚಾರಣೆ ತಿದ್ದಲು ಶುರು ಮಾಡುತ್ತಾಳೆ. ಶಾಲೆಯ ಊಟದಲ್ಲಿ ವಾರಕ್ಕೊಂದು ದಿನ ಸಸ್ಯಾಹಾರ ಕೊಡಲೇಬೇಕು ಅಂತ ಕಾನೂನಿದೆ. ಉಳಿದ ದಿನಕ್ಕೆ ಮೇಡಂ ಹತ್ತಿರ ಮಾತಾಡಿ, ಇಲ್ಲವೇ ಮಧ್ಯಾಹ್ನ ಮನೆಗೆ ಕರ್ಕೊಂಡು ಬನ್ನಿ. ಡಾಕ್ಟರ್ ಸಿಗುವುದು ಮಾತ್ರ ಕಷ್ಟ. ಊರಲ್ಲಿ ಆಸ್ಪತ್ರೆ ಇದೆ, ಆದರೆ ಹೊಸ ಪೇಷಂಟ್ ತಗೊಳ್ಳುವ ಫ್ಯಾಮಿಲಿ ಡಾಕ್ಟರನ್ನು ಹುಡುಕುವುದು ಮನೆ ಹುಡುಕುವುದಕ್ಕಿಂತ ತಡ. ಬಂದ ವಾರವೇ ಶುರು ಮಾಡಿ.

ಆದರೆ ಆಫರ್‌ಗೆ ಒಪ್ಪುವ ಮುಂಚೆ ಇಬ್ಬರೂ ಒಮ್ಮೆ ಬಂದು ನೋಡಿ. ಜುಲೈನಲ್ಲಿ ಬೇಡ, ಆಗ ಪ್ರವಾಸಿಗರು ತುಂಬಿ ಊರು ಮದುವೆಮನೆ. ನವೆಂಬರ್‌ನಲ್ಲಿ, ಕಣಿವೆಯಲ್ಲಿ ಮಂಜು ಕೂತಿರುವ ಒಂದು ಸೋಮವಾರ ಬನ್ನಿ. ಆಗಲೂ ಮನೆಯವರು ಸರಿ ಅಂದರೆ ಸರಿ. ಮದುವೆ ಸರ್ಟಿಫಿಕೇಟ್, ಮೂವರ ಜನನ ಪ್ರಮಾಣಪತ್ರಕ್ಕೆ ಅಲ್ಲೇ ಅಪೊಸ್ಟಿಲ್ (ಪತ್ರ ಅಸಲಿ ಅಂತ ಹೊರದೇಶಕ್ಕಾಗಿ ಸರ್ಕಾರ ಹಾಕುವ ಮುದ್ರೆ) ಮಾಡಿಸಿ, ಇಲ್ಲಿಂದ ಮಾಡಿಸುವುದು ತಲೆನೋವು. ಬಾಡಿಗೆ ಮನೆಗಳಲ್ಲಿ ಇಂಡಕ್ಷನ್ ಒಲೆ ಜಾಸ್ತಿ, ಅಲ್ಯೂಮಿನಿಯಂ ಕುಕ್ಕರ್ ನಡೆಯಲ್ಲ, ಸ್ಟೀಲಿನದ್ದೇ ತನ್ನಿ. ಜೊತೆಗೆ ಎರಡು ಗ್ಯಾಸ್ಕೆಟ್.