ಕಬ್ಬಿನ ಟ್ರೇಲರ್ ಎದುರಿಗಿದ್ದರೂ ಕಾರು ಯಾಕೆ ಬ್ರೇಕ್ ಹಾಕಲಿಲ್ಲ?

ಅಣ್ಣಾರೇ, ರಾತ್ರಿ ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರೇಲರ್ ನಿಂತಿತ್ತು, ಹೊಸ ಕಾರು ತಾನಾಗಿ ಬ್ರೇಕ್ ಹಾಕಲಿಲ್ಲ, ಎಡಾಸ್ (ADAS, ಅಂದರೆ ಮುಂದಿನದನ್ನು ನೋಡಿ ಚಾಲಕನಿಗೆ ಎಚ್ಚರಿಸುವ, ಬೇಕಾದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನೀವೇ ಬ್ರೇಕ್ ತುಳಿದಿರಿ, ಬಚಾವ್. ಆದರೆ ಅದು ಕೆಟ್ಟಿರಲಿಕ್ಕಿಲ್ಲ.

ಕಾರಿಗೆ ಮುಖ್ಯವಾಗಿ ಎರಡು ಕಣ್ಣು. ಒಂದು, ಮುಂದಿನ ಗಾಜಿಗೆ ಅಂಟಿಕೊಂಡಿರುವ ಕ್ಯಾಮೆರಾ. ಬಿಳಿ ಗೆರೆ, ಗಾಡಿ, ಮನುಷ್ಯರನ್ನು ಗುರುತು ಹಿಡಿಯುತ್ತದೆ. ಇನ್ನೊಂದು, ಬಂಪರ್ ಅಥವಾ ಗ್ರಿಲ್ ಹತ್ತಿರದ ರೇಡಾರ್. ಸುಮಾರು 77 ಗಿಗಾಹರ್ಟ್ಸ್‌ನ ರೇಡಿಯೋ ಅಲೆ ಬಿಟ್ಟು, ತಿರುಗಿ ಬಂದದ್ದರಿಂದ ದೂರ ಮತ್ತು ವೇಗ ಲೆಕ್ಕ ಹಾಕುತ್ತದೆ. ಕತ್ತಲಲ್ಲೂ ನಡೆಯುತ್ತದೆ. ಬಂಪರ್ ಮೇಲೆ ಗುಂಡಿಯ ಹಾಗೆ ಕಾಣುವ ಪಾರ್ಕಿಂಗ್ ಸೆನ್ಸರ್ ಬೇರೆ. ಅವು ಶಬ್ದದ ಅಲೆಯವು, ನಾಲ್ಕೈದು ಮೀಟರ್ ಆಚೆ ಕೆಲಸಕ್ಕೆ ಬರುವುದಿಲ್ಲ.

ನಿಂತ ವಸ್ತು ಅಂದರೆ ರೇಡಾರ್‌ಗೆ ತಲೆನೋವು. ಬೋರ್ಡು, ಸೇತುವೆ ಕಂಬಿ, ರಸ್ತೆ ಬದಿಯ ತಗಡಿನ ಪಟ್ಟಿ, ಎಲ್ಲದರಿಂದಲೂ ಅಲೆ ತಿರುಗಿ ಬರುತ್ತದೆ. ಎಲ್ಲಕ್ಕೂ ಬ್ರೇಕ್ ಹಾಕುತ್ತ ಹೋದರೆ ಕಾರು ಮುಧೋಳ ದಾಟುವುದೇ ಇಲ್ಲ! ಅದಕ್ಕೇ ಎಷ್ಟೋ ಕಾರುಗಳಲ್ಲಿ ಕ್ಯಾಮೆರಾ ಕೂಡ 'ಹೌದು, ಇದು ಗಾಡಿ' ಅನ್ನಬೇಕು. ಕ್ಯಾಮೆರಾ ಕಲಿತದ್ದು ಗಾಡಿಯ ಹಿಂಭಾಗದ ಆಕಾರ, ಕೆಂಪು ಲೈಟು. ನಮ್ಮ ಟ್ರೇಲರ್‌ಗೆ ಲೈಟ್ ಎಲ್ಲಿದೆ? ರಿಫ್ಲೆಕ್ಟರ್ ಇದ್ದರೂ ಮಣ್ಣು ಮೆತ್ತಿರುತ್ತದೆ, ಕಬ್ಬು ಹೊರಗೆ ಚಾಚಿಕೊಂಡು ಹೆಡ್‌ಲೈಟಿಗೆ ಮುಳ್ಳುಬೇಲಿಯ ಹಾಗೆ ಕಾಣುತ್ತದೆ. ನನಗೇ ಎಷ್ಟೋ ಸಲ ತೀರಾ ಹತ್ತಿರ ಹೋದ ಮೇಲೆ ಗೊತ್ತಾಗಿದೆ. 80ರಲ್ಲಿ ಹೊರಟರೆ ಸೆಕೆಂಡಿಗೆ 22 ಮೀಟರ್ ಹೋಗಿರುತ್ತೇವೆ, ಅಲ್ವಾ? ಹಂಗಾಮು ಮುಗಿಯುವವರೆಗೆ ರಾತ್ರಿ ಆ ರಸ್ತೆಯಲ್ಲಿ 50 ದಾಟಬೇಡಿ. ಟ್ರೇಲರ್ ಇದ್ದವರು ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಹಚ್ಚಿ, ದಿನಾ ಒರೆಸಿ.

ಲೇನ್ ಹಿಡಿಯುವ, ಅಂದರೆ ಕಾರನ್ನು ಗೆರೆಗಳ ನಡುವೆಯೇ ಇಡುವ ಆಯ್ಕೆಯನ್ನು ಹಳ್ಳಿ ರಸ್ತೆಯಲ್ಲಿ ಬಂದ್ ಇಡಿ. ಅಳಿಸಿಹೋದ ಗೆರೆ ನೋಡಿ ಅದಕ್ಕೆ ಗೊಂದಲ, ತಗ್ಗು ತಪ್ಪಿಸಲು ಹೋದರೆ ಸ್ಟೇರಿಂಗ್ ವಾಪಸ್ ಎಳೆಯುತ್ತದೆ. ಬೆಳಗಾವಿ–ನಿಪ್ಪಾಣಿ ಹೈವೇಗೆ ಹತ್ತಿದ ಮೇಲೆ ಹಾಕಿಕೊಳ್ಳಿ. ಕಾರು ತಾನಾಗಿ ಹಾಕುವ ತುರ್ತು ಬ್ರೇಕ್ ಮಾತ್ರ ಎಲ್ಲಿಯೂ ಬಂದ್ ಮಾಡಬೇಡಿ. ಮುಂದಿನ ಕಾರು ಸಡನ್ನಾಗಿ ನಿಂತರೆ ಅದು ನಿಜಕ್ಕೂ ಕೈ ಹಿಡಿಯುತ್ತದೆ.

ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಲೇ ಅಂದಿದ್ದೀರಿ. ಬೇಡ, ಸುಮ್ನೆ ರೇಡಾರ್ ಕಣ್ಣಿಗೆ ಪಟ್ಟಿ ಕಟ್ಟಿದ ಹಾಗೆ.

ಗಾಜಿನ ವಿಷಯದಲ್ಲೂ ಹುಷಾರ್. ಹೋದ ವರ್ಷ ಜಲ್ಲಿಕಲ್ಲು ಬಡಿದು ನನ್ನ ಕಾರಿನ ಗಾಜು ಬಿರುಕು ಬಿಟ್ಟಿತು. ಕಡಿಮೆ ರೇಟಿಗೆ ಹೊರಗಡೆ ಹಾಕಿಸಿದೆ. ಮರುದಿನದಿಂದ ನೆಟ್ಟಗೆ ಹೋದರೂ ಲೇನ್ ಬಿಟ್ಟಿದ್ದೀರಿ ಅಂತ ಬೀಪ್, ಬೀಪ್. ಕ್ಯಾಮೆರಾ ಕೂದಲೆಳೆಯಷ್ಟು ವಾಲಿದ್ದರೂ ದೂರಕ್ಕೆ ಹೋದಂತೆ ಮೀಟರ್‌ಗಟ್ಟಲೆ ತಪ್ಪುತ್ತದೆ. ಕೊನೆಗೆ ಶೋರೂಮಿನಲ್ಲಿ ಕಾರಿನ ಮುಂದೆ ಚೌಕಳಿ ಬೋರ್ಡ್ ನಿಲ್ಲಿಸಿ ಕ್ಯಾಲಿಬ್ರೇಶನ್ (ಕ್ಯಾಮೆರಾದ ನೋಟ ಸರಿಹೊಂದಿಸುವುದು) ಮಾಡಿಸಿದೆ, ಡಬಲ್ ಖರ್ಚು. ನೀವು ಗಾಜು ಬದಲಿಸಿದರೆ ಬಿಲ್ಲಿನಲ್ಲಿ ಕ್ಯಾಲಿಬ್ರೇಶನ್ ಅಂತ ಬರೆದಿದೆಯಾ ನೋಡಿಯೇ ದುಡ್ಡು ಕೊಡಿ.